ಪೀಠಿಕೆ ತೆಗೆಯಲಾಗಿದೆ

ಲೈಸೆನ್ಸ್ ಆರಿಸುವ ಕೆಲಸ ಅನೌನ್ಸರ ಕೊರಳಿಗೆ ಬಿದ್ದದ್ದು ಅವರು ತಲೆ ಅಲ್ಲಾಡಿಸಿದ್ದರಿಂದ. ಅದು ಬಿಟ್ಟರೆ ಆ ಕೆಲಸಕ್ಕೆ ಬೇಕಾದ ಯಾವ ಯೋಗ್ಯತೆಯೂ ಅವರಲ್ಲಿ ಇರಲಿಲ್ಲ. ಈ ಮಾತನ್ನು ಆಗ ಯಾರಾದರೂ ಅಂದಿದ್ದರೆ ಜಗಳಕ್ಕೇ ಬರುತ್ತಿದ್ದರು. ಈಗ ಸಿಕ್ಕಸಿಕ್ಕವರಿಗೆ ತಾವೇ ಹೇಳಿಕೊಂಡು ನಗುತ್ತಾರೆ, ಆದ್ದರಿಂದ ನಾವೂ ಧೈರ್ಯವಾಗಿ ಹೇಳಬಹುದು.

ಮಾತಿನ ಕೇಂದ್ರ ಅಂದರೆ ಲಕ್ವ ಹೊಡೆದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವ ಜಾಗ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ, ಒಂದು ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ದೊಡ್ಡ ಕನ್ನಡಿ. ಬಾಯಿ ಹೇಗೆ ತೆರೆಯಬೇಕು, ನಾಲಿಗೆ ಎಲ್ಲಿ ತಾಗಬೇಕು ಅನ್ನುವುದನ್ನು ಇಲ್ಲಿಗೆ ಬಂದವರು ಕನ್ನಡಿ ನೋಡಿಕೊಂಡೇ ಹೊಸದಾಗಿ ಕಲಿಯಬೇಕು. ತಿಂಗಳ ಸಭೆಯಲ್ಲಿ ಅಧ್ಯಕ್ಷರು ಕನ್ನಡಕ ಒರೆಸಿಕೊಳ್ಳುತ್ತಾ ವಿಷಯ ಎತ್ತಿದರು.

"ನಮ್ಮ ವಿಡಿಯೊಗಳು ಈ ಕಂಪ್ಯೂಟರಲ್ಲಿ ಕೂತು ಕೊಳೀತಾ ಇವೆ. ಎಲ್ಲಾನೂ ಇಂಟರ್‌ನೆಟ್‌ಗೆ ಹಾಕಿಬಿಡೋಣ, ಯಾರಿಗೆ ಬೇಕೋ ಬಳಸಿಕೊಳ್ಳಲಿ. ಆದ್ರೆ ಸುಮ್ನೆ ಹಾಕಿದ್ರೆ ಆಗಲ್ವಂತೆ. ಯಾರು ಏನು ಮಾಡಬಹುದು, ಏನು ಮಾಡಬಾರದು ಅಂತ ಒಂದು ಮುಕ್ತ ಲೈಸೆನ್ಸ್ ಆರಿಸಿ ಹಾಕಬೇಕಂತೆ. ಇದರ ತಲೆಬುಡ ಯಾರಿಗಾದ್ರೂ ಗೊತ್ತಾ?"

ಸಮಿತಿಯಲ್ಲಿದ್ದ ವಕೀಲರಿಗೆ ಗೊತ್ತಿರಬೇಕಿತ್ತು. ಅವರು ಚಹಾದೊಳಗೆ ಮುರಿದು ಬಿದ್ದ ಬಿಸ್ಕತ್ತನ್ನು ಚಮಚದಲ್ಲಿ ಎತ್ತುವ ಸೂಕ್ಷ್ಮ ಕಾರ್ಯದಲ್ಲಿ ಮುಳುಗಿದ್ದರು. ಥೆರಪಿಸ್ಟ್ ಮೇಡಂ, ಅಂದರೆ ಆ ಕೇಂದ್ರದಲ್ಲಿ ನಿಜವಾಗಿ ಮಾತು ಕಲಿಸುವವರು, ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಧ್ಯಕ್ಷರ ಕಣ್ಣು ಅನೌನ್ಸರ ಮೇಲೆ ಬಿತ್ತು. ಅನೌನ್ಸರು ಕಣ್ಣು ಅರೆಮುಚ್ಚಿ, ನಿಧಾನವಾಗಿ, ಎಲ್ಲ ಬಲ್ಲವರ ಹಾಗೆ ತಲೆಯಾಡಿಸುತ್ತಿದ್ದರು.

ಅದು ಅವರ ಹಳೇ ಚಾಳಿ. ಇಡೀ ನೌಕರಿಯನ್ನು ರೈಲ್ವೆ ಸ್ಟೇಷನ್ನಿನ ಮೈಕಿನ ಮುಂದೆ ಕಳೆದವರು ಅವರು. ರೈಲು ಯಾಕೆ ತಡ ಅಂತ ಜನ ಬಂದು ಕಿಟಕಿ ಬಡಿದಾಗ, ಗೊತ್ತಿಲ್ಲ ಅನ್ನುವುದಕ್ಕಿಂತ ಗಂಭೀರವಾಗಿ ತಲೆಯಾಡಿಸುವುದೇ ಕ್ಷೇಮ ಅಂತ ಕಂಡುಕೊಂಡಿದ್ದರು. ಜನ "ಪಾಪ, ಏನೋ ದೊಡ್ಡ ಕಾರಣವೇ ಇರಬೇಕು" ಅಂತ ವಾಪಸ್ ಹೋಗುತ್ತಿದ್ದರು. ಅಧ್ಯಕ್ಷರು ಹೋಗಲಿಲ್ಲ. "ಸದ್ಯ, ನಿಮಗೆ ಗೊತ್ತಲ್ಲ! ನೀವೇ ಆರಿಸಿಬಿಡಿ ಸರ್," ಅಂದರು. ಸಭೆ ಅಲ್ಲಿಗೆ ಮುಗಿಯಿತು.

ಈಗ ಆ ವಿಡಿಯೊಗಳ ವಿಷಯ ಹೇಳಬೇಕು. ಒಂದೊಂದು ವಿಡಿಯೊಗೆ ಒಂದೊಂದು ಪದ: ನೀರು, ಊಟ, ಬಾಗಿಲು, ನೋವು, ಬೇಡ, ಸಾಕು. ಪರದೆಯ ಮೇಲೆ ಥೆರಪಿಸ್ಟ್ ಮೇಡಂ ಅವರ ಬಾಯಿ ದೊಡ್ಡದಾಗಿ ಕಾಣುತ್ತದೆ, ಪದ ಹೇಳುತ್ತದೆ, ನೋಡುವವರು ಜೊತೆಗೆ ಹೇಳಲು ಪ್ರಯತ್ನಿಸಬೇಕು. ಇಷ್ಟೇ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಆದರೆ ಆ ಬಾಯಿಗೆ ಧ್ವನಿ ಕೊಡಲು ಅನೌನ್ಸರನ್ನು ಕರೆದುಬಿಟ್ಟಿದ್ದರು. ಅಂಥಾ ಕಂಚಿನ ಕಂಠವನ್ನು ಬರೀ ಒಂದು 'ನೀರು' ಅನ್ನುವುದಕ್ಕೆ ಖರ್ಚು ಮಾಡುವುದು ಅವರಿಗೆ ಅನ್ಯಾಯ ಅನಿಸಿತು. ಹಾಗಾಗಿ ಪ್ರತಿ ಪದಕ್ಕೂ ಒಂದು ಪೀಠಿಕೆ. "ವೀಕ್ಷಕರ ಗಮನಕ್ಕೆ! ಇಂದು ನಾವು ಕಲಿಯಲಿರುವ ಪದ, ಸಕಲ ಜೀವರಾಶಿಗೂ ಆಧಾರವಾದ, ಬಣ್ಣವಿಲ್ಲದ, ರುಚಿಯಿಲ್ಲದ, ಆದರೂ ಅಮೂಲ್ಯವಾದ..." ನೀರು ಬರುವ ಹೊತ್ತಿಗೆ ಕೇಳುವವರ ಗಂಟಲು ಒಣಗಿರುತ್ತಿತ್ತು. ಪದ ಬಂದ ಮೇಲಾದರೂ ಸುಮ್ಮನಿದ್ದರೇ? ಎಲ್ಲಿ ಬಂತು! ನೋಡುವವರು ಇನ್ನೂ ತುಟಿ ಬಿಚ್ಚುವ ಮೊದಲೇ "ಬಹಳ ಚೆನ್ನಾಗಿ ಹೇಳಿದಿರಿ!" ಅಂತ ಶಹಬಾಸ್‌ಗಿರಿ. 'ಸಾಕು' ಅನ್ನುವ ಪದದ ಪೀಠಿಕೆಯಂತೂ ಎಲ್ಲಕ್ಕಿಂತ ಉದ್ದ. ಮಿತಿ, ತೃಪ್ತಿ, ಸಂಯಮ ಇವುಗಳ ಬಗ್ಗೆ ಅವರಿಗೆ ಹೇಳಬೇಕಾದದ್ದು ಬಹಳ ಇತ್ತು.

ಇದನ್ನೆಲ್ಲ ಮುಖಕ್ಕೆ ಹೊಡೆದ ಹಾಗೆ ಹೇಳಬಲ್ಲವಳೆಂದರೆ ಒಬ್ಬಳೇ, ಅವರ ಅಕ್ಕ. ನಾಲ್ಕು ಬೀದಿ ಆಚೆ ಭಾವನ ಜೊತೆ, ಮಗಳ ಜೊತೆ ಇದ್ದಳು. ಅಲ್ಲಾಡಿಸಿದರೆ ಗಲಗಲ ಅನ್ನುವ ಮಕ್ಕಳ ಆಟಿಕೆ ಇರುತ್ತದಲ್ಲ, ಚಿಕ್ಕಂದಿನಲ್ಲಿ ತಮ್ಮನಿಗೆ ಅದರ ಹೆಸರೇ ಇಟ್ಟವಳು ಅವಳು. ಊರಿಗೆಲ್ಲ ಅನೌನ್ಸರ್ ಸರ್, ಅಕ್ಕನಿಗೆ ಮಾತ್ರ ಗಿಲಕಿ. ಹಿಂದೆ ಸ್ಟೇಷನ್ನಿಗೆ ಬಂದಾಗಲೂ ಎಲ್ಲರೆದುರಿಗೆ "ಏನೋ ಗಿಲಕಿ, ಒಂದು ರೈಲು ಬಂತು ಅನ್ನೋಕೆ ಇಷ್ಟೊಂದು ಪುರಾಣನಾ?" ಅಂದು ಅವರ ಮಾನ ಹರಾಜು ಹಾಕುತ್ತಿದ್ದಳು.

ಆ ಅಕ್ಕನಿಗೇ ಲಕ್ವ ಹೊಡೆಯಿತು. ಸಭೆಗೆ ಸ್ವಲ್ಪ ದಿನ ಮುಂಚೆ, ಅಡುಗೆಮನೆಯಲ್ಲಿ ನಿಂತಿದ್ದವಳ ಕೈಯಿಂದ ಲೋಟ ಜಾರಿತು, ಹಿಂದೆಯೇ ಅವಳೂ ಕುಸಿದಳು. ಕಾಲು ಮೆಲ್ಲಗೆ ದಾರಿಗೆ ಬಂತು, ಎಡಗೈ ಚೆನ್ನಾಗಿಯೇ ಇತ್ತು, ಮಾತು ಮಾತ್ರ ಬರಲಿಲ್ಲ. ಉಳಿದದ್ದು ಒಂದೇ ಒಂದು, "ಅದು". ಹಸಿವಾದರೂ ಅದು, ಕಿಟಕಿ ಮುಚ್ಚಬೇಕಾದರೂ ಅದು, ಅಳು ಬಂದರೂ ಅದು. ಥೆರಪಿಸ್ಟ್ ಮೇಡಂ ಬಂದು ನೋಡಿ, ಬಾಗಿಲ ಬಳಿ ಅನೌನ್ಸರಿಗೆ ಮೆಲ್ಲಗೆ ಹೇಳಿದರು: "ತಲೆಯೊಳಗೆ ಎಲ್ಲಾ ಇದೆ ಸರ್, ಬಾಯಿಗೆ ದಾರಿ ಸಿಗ್ತಿಲ್ಲ. ಈ ಮೊದಲ ತಿಂಗಳುಗಳು ಮುಖ್ಯ. ಪ್ರಯತ್ನ ಮಾಡೋ ಮನಸ್ಸನ್ನೇ ಈಗ ಬಿಟ್ಟುಬಿಟ್ರೆ, ಆಮೇಲೆ ಮಾತನ್ನ ಎಳೆದು ತರೋದು ತುಂಬಾ ಕಷ್ಟ."

ಅನೌನ್ಸರು ಅಂಗಡಿಗೆ ಓಡಿ ಒಂದು ಟ್ಯಾಬ್ ತಂದರು, ಕೇಂದ್ರದ ಎಲ್ಲ ವಿಡಿಯೊಗಳನ್ನೂ ಅದರಲ್ಲಿ ತುಂಬಿದರು. ಅಕ್ಕನ ಮಂಚದ ಪಕ್ಕ ಅದನ್ನು ನಿಲ್ಲಿಸಿ, "ಇನ್ನೇನು ಚಿಂತೆ? ತಮ್ಮನ ದನಿಯಲ್ಲೇ ಮಾತು ಕಲೀತಾಳೆ," ಅಂದರು. ಅವರ ಎದೆಯಲ್ಲಿ ಭಯ ಒದ್ದಾಡುತ್ತಿತ್ತು ನಿಜ, ಆದರೆ ಅದರ ಮೇಲೊಂದು ಸಣ್ಣ ಹೆಮ್ಮೆಯೂ ಆರಾಮವಾಗಿ ಕೂತಿತ್ತು.

ಅದೇ ಹೆಮ್ಮೆಯನ್ನು ಜೊತೆಗಿಟ್ಟುಕೊಂಡು ಮನೆಯಲ್ಲಿ ಲೈಸೆನ್ಸ್ ಆರಿಸಲು ಕೂತರು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಬಟಾಣಿ ಬಿಡಿಸುತ್ತಾ ಹೆಂಡತಿ. ಷರತ್ತುಗಳನ್ನು ಬೇಕಾದ ಹಾಗೆ ಜೋಡಿಸಿಕೊಳ್ಳಬಹುದಿತ್ತು. ಬಳಸಿದವರು ಮೂಲದವರ ಹೆಸರು ಹೇಳಬೇಕು ಅನ್ನುವುದು ಒಂದು. ಅನೌನ್ಸರು ಅದಕ್ಕೆ ಕಣ್ಣು ಮುಚ್ಚಿ ಗುರುತು ಹಾಕಿದರು. ವ್ಯಾಪಾರಕ್ಕೆ ಬಳಸಬಾರದು ಅನ್ನುವುದು ಇನ್ನೊಂದು, ಅದಕ್ಕೂ ಹಾಕಿದರು. ಮುಂದಿನದು ಬದಲಾವಣೆಯದು. ಯಾರು ಬೇಕಾದರೂ ಬದಲಾಯಿಸಬಹುದು ಅನ್ನಬಹುದು, ಬದಲಾಯಿಸಿ ಇದೇ ಷರತ್ತಿನಲ್ಲಿ ಹಂಚಬೇಕು ಅನ್ನಬಹುದು, ಇಲ್ಲವೇ ಬದಲಾಯಿಸಿ ಹಂಚಲೇಬಾರದು ಅನ್ನಬಹುದು.

"ಬದಲಾಯಿಸಲೇಬಾರದು," ಅಂದರು ಅನೌನ್ಸರು.

"ಅಲ್ಲಾ ರೀ, ಇದನ್ನ ಬದಲಾಯಿಸೋಕೆ ಯಾರು ತುದಿಗಾಲಲ್ಲಿ ನಿಂತಿದ್ದಾರೆ?" ಹೆಂಡತಿ ತಲೆ ಎತ್ತದೆ ಕೇಳಿದಳು.

"ನಿನಗೆ ಗೊತ್ತಿಲ್ಲ, ಕಾಲ ಕೆಟ್ಟಿದೆ. ನನ್ನ 'ನೀರು' ತಗೊಂಡು ಯಾರೋ ಬಾಟಲಿ ನೀರಿನ ಜಾಹೀರಾತಿಗೆ ಹಾಕಿಬಿಟ್ರೆ?"

"ಹಾಕಿದ್ರೆ ನೀರು ಬರೋದನ್ನ ಕಾದು ಕಾದು ಜನ ಬಾಯಾರಿ ಬೀಳ್ತಾರೆ, ಅಷ್ಟೆ."

ಅನೌನ್ಸರು ಕೇಳಿಸದವರ ಹಾಗೆ ಮುಂದಿನ ಪುಟಕ್ಕೆ ಹೋದರು. ಅಲ್ಲಿ ಲೈಸೆನ್ಸಿನ ಪೂರ್ತಿ ಪಠ್ಯ ಇತ್ತು, ಜಾರಿಸಿದಷ್ಟೂ ಮುಗಿಯುತ್ತಿರಲಿಲ್ಲ. ಇಷ್ಟುದ್ದ ಯಾರಪ್ಪ ಓದುತ್ತಾರೆ ಅಂತ ಗೊಣಗಿ ಮುಚ್ಚಿಟ್ಟರು.

ಮುಂದಿನ ಸಭೆಯಲ್ಲಿ ಥೆರಪಿಸ್ಟ್ ಮೇಡಂ ಒಬ್ಬರೇ ಚಕಾರ ಎತ್ತಿದ್ದು. "ಬದಲಾಯಿಸಬಾರದು ಅನ್ನೋದು ಬೇಡ ಸರ್. ಒಬ್ಬೊಬ್ಬ ರೋಗಿಗೂ ಒಂದೊಂದು ಥರ ಬೇಕಾಗುತ್ತೆ. ಕೆಲವರಿಗೆ ನಿಧಾನ ಬೇಕು, ಕೆಲವರಿಗೆ ಬೇರೆ ಭಾಷೆ ಬೇಕು, ಕೆಲವರಿಗೆ..." ಅವರು ಸ್ವಲ್ಪ ತಡೆದರು, "ಸ್ವಲ್ಪ ಚಿಕ್ಕದು ಬೇಕು."

"ಮೇಡಂ, ಮನಸ್ಸಿಗೆ ಬಂದ ಹಾಗೆ ಕತ್ತರಿ ಹಾಕೋಕೆ ಇದೇನು ಕಿಟಕಿ ಪರದೆನಾ?" ಅಂದರು ಅನೌನ್ಸರು, ಪ್ಲಾಟ್‌ಫಾರಂ ಪೂರ್ತಿ ಕೇಳುವ ದನಿಯಲ್ಲಿ. ಆ ದನಿಯ ಮುಂದೆ ವಾದ ಮಾಡುವ ಶಕ್ತಿ ಸಂಜೆ ಹೊತ್ತಿನಲ್ಲಿ ಯಾರಿಗೂ ಇರಲಿಲ್ಲ. ವಿಡಿಯೊಗಳು ಆ ಷರತ್ತಿನೊಂದಿಗೇ ಲೋಕಕ್ಕೆ ಹೋದವು. ಷರತ್ತು ಮೀರಿ ಏನಾದರೂ ಬೇಕಿದ್ದರೆ ಕೇಂದ್ರಕ್ಕೆ ಬರೆದು ಅನುಮತಿ ಕೇಳಿ ಅಂತ ಕೆಳಗೆ ಒಂದು ಸಾಲು ಸೇರಿಸಿದ್ದರು. ಆ ಪತ್ರಗಳಿಗೆ ಉತ್ತರ ಕೊಡುವ ಜವಾಬ್ದಾರಿಯೂ ತಲೆಯಾಡಿಸಿದವರ ಪಾಲಿಗೇ ಬಂತು.

ಬರುತ್ತವೆ ಅಂತ ಅವರು ಅಂದುಕೊಂಡಿರಲಿಲ್ಲ, ಆದರೆ ಬಂದವು. ಅವರಿಗೆ ಒಳಗೊಳಗೇ ಖುಷಿ. ಲೋಕವೆಲ್ಲ ತಮ್ಮ ಧ್ವನಿಗೆ ಮುಗಿಬಿದ್ದಿದೆ ಅಂದುಕೊಂಡು ಮೊದಲ ಸಾಲು ಓದುತ್ತಿದ್ದರು. ಅಲ್ಲಿ 'ಕತ್ತರಿಸಿ' ಅಂತಲೋ 'ಧ್ವನಿ ಬದಲಿಸಿ' ಅಂತಲೋ ಕಂಡರೆ ಮುಖ ಗಂಟಿಕ್ಕುತ್ತಿತ್ತು. ಎರಡನೆಯ ಸಾಲಿಗೆ ಹೋಗುವ ಗೋಜೇ ಇಲ್ಲ. ಎಲ್ಲರಿಗೂ ಆಗುವಂಥ ಒಂದು ಉತ್ತರ ಬರೆದಿಟ್ಟುಕೊಂಡಿದ್ದರು: "ತಮ್ಮ ಕೋರಿಕೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಮೂಲಕೃತಿಯ ಘನತೆಯನ್ನು ಕಾಪಾಡುವ ದೃಷ್ಟಿಯಿಂದ ಯಾವುದೇ ಬದಲಾವಣೆಗೆ ಅನುಮತಿ ನೀಡಲು ಸಾಧ್ಯವಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ." ವಾರಕ್ಕೊಮ್ಮೆ ಕೂತು, ಬಂದವಕ್ಕೆಲ್ಲ ಒಟ್ಟಿಗೆ ಅದನ್ನು ಕಳಿಸಿ, ಕೈ ಒರೆಸಿಕೊಂಡು ಚಹಾ ಕುಡಿಯುತ್ತಿದ್ದರು.

ಈ ನಡುವೆ ಅಕ್ಕನ ಮಗಳು ಒಂದು ಸಂಜೆ ಅವರನ್ನು ಹಿಡಿದು ನಿಲ್ಲಿಸಿದಳು. ಅವಳು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್, ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿ ಇದೆಯಾ ಅಂತ ನೋಡಿ ಮುದ್ರೆ ಒತ್ತುವವಳು. ಸ್ವಂತ ಚಿಕ್ಕಪ್ಪನ ಅಂಗಡಿಯ ತಕ್ಕಡಿಗೂ ಮುದ್ರೆ ಕೊಡದೆ ಬಂದ ಖ್ಯಾತಿ ಅವಳದು. ನಿಯಮ ಅಂದರೆ ಅವಳಿಗೆ ನಿಯಮ, ಅದರಲ್ಲಿ ಮಾಮ, ಚಿಕ್ಕಪ್ಪ ಅಂತ ಇಲ್ಲ.

"ಮಾಮ, ಬೇಜಾರು ಮಾಡ್ಕೋಬೇಡಿ. ಈ ವಿಡಿಯೊಗಳಲ್ಲಿ ನಿಮ್ಮ ಮಾತು ತೆಗೆದು ಪದ ಮಾತ್ರ ಇಟ್ಕೋಬಹುದಾ? ಅದಕ್ಕೆ ಅಪ್ಪನ ದನಿ ಹಾಕ್ತೀನಿ. ಅಮ್ಮ ದಿನಾ ಕೇಳಿರೋ ದನಿ ಅದು."

ಭಾವ ಮೂಲೆಯ ಕುರ್ಚಿಯಲ್ಲಿ ಕೂತು ಕೆಮ್ಮಿದರು. ಭಾವ ಮದುವೆಯಾದಾಗಿನಿಂದ ಆಡಿದ ಮಾತನ್ನೆಲ್ಲ ಸೇರಿಸಿದರೂ ಅನೌನ್ಸರ ಒಂದು ಪೀಠಿಕೆಯಷ್ಟಾಗುತ್ತಿರಲಿಲ್ಲ. ಆ ಕೆಮ್ಮಿನ, ಆ ಗೊಗ್ಗರು ಗಂಟಲಿನ ದನಿ ತಮ್ಮ ದನಿಯ ಜಾಗದಲ್ಲಿ! ಅನೌನ್ಸರಿಗೆ ಮುಖಕ್ಕೆ ಹೊಡೆದ ಹಾಗಾಯಿತು.

"ಎಲ್ಲರಿಗೂ ಒಂದೇ ನಿಯಮ ಕಣಮ್ಮ. ಬದಲಾಯಿಸಬಾರದು ಅಂದ್ರೆ ಬದಲಾಯಿಸಬಾರದು, ಅದು ಮನೆಯೊಳಗಾದ್ರೂ ಅಷ್ಟೆ. ಮನೆಯವರು ಅಂತ ನಾನೇ ಸಡಿಲ ಬಿಟ್ರೆ ಹೊರಗಿನವರು ಏನಂದಾರು? ಬೇಕಿದ್ರೆ ಕೇಂದ್ರಕ್ಕೆ ಬರೆದು ಕೇಳು."

ಬೇರೆ ಯಾರಾದರೂ ಆಗಿದ್ದರೆ 'ಹೋಗಯ್ಯ ನಿನ್ನ ನಿಯಮ' ಅಂತ ಮೊಬೈಲಿನಲ್ಲೇ ಕತ್ತರಿಸಿ ಮುಗಿಸುತ್ತಿದ್ದರು. ಇವಳು "ಸರಿ ಮಾಮ" ಅಂದಳು, ಬರೆದೂ ಬರೆದಳು. ಅನೌನ್ಸರು ಮನೆಗೆ ಬರುವಷ್ಟರಲ್ಲಿ ಆ ಮಾತನ್ನೇ ಮರೆತರು.

ಮುಂದಿನ ವಾರ ಅಕ್ಕನನ್ನು ನೋಡಲು ಹೋದಾಗ ಬಾಗಿಲು ತೆಗೆದವಳು ಅವಳೇ.

"ನಿಮ್ಮ ಉತ್ತರ ಬಂತು ಮಾಮ."

"ಯಾವ ಉತ್ತರ?"

ಅವಳು ಮೊಬೈಲ್ ತೆಗೆದು, ಅಂಗಡಿಯವನಿಗೆ ನೋಟಿಸ್ ಓದುವ ದನಿಯಲ್ಲಿ ಓದಿದಳು. "ತಮ್ಮ ಕೋರಿಕೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ." ಅಷ್ಟು ಓದಿ ಮೊಬೈಲ್ ಕೆಳಗಿಟ್ಟಳು. "ಅಮ್ಮ ಕನ್ನಡಿ ನೋಡೋದನ್ನೂ ಬಿಟ್ಟಿದ್ದಾಳೆ, ವಿಡಿಯೊ ಹಾಕಿದ್ರೆ ಮುಖ ತಿರುಗಿಸ್ತಾಳೆ, 'ಅದು' ಅನ್ನೋದೂ ಕಡಿಮೆಯಾಗಿದೆ, ನಮಗೆ ಭಯ ಆಗ್ತಿದೆ ಅಂತ ಬರೆದಿದ್ದೆ. ಕೂಲಂಕಷವಾಗಿ ಅಂದ್ರೆ ಅದನ್ನೂ ಓದಿರ್ತೀರಿ ಅಲ್ವಾ?"

ಅನೌನ್ಸರ ತಲೆ ಅಭ್ಯಾಸಬಲದಿಂದ ಆಡಲು ಹೊರಟಿತು. ಹಿಡಿದುಕೊಂಡರು. "ಎಲ್ಲಿ, ನನ್ನೆದುರಿಗೆ ಒಂದ್ಸಲ ಹಾಕು ನೋಡೋಣ," ಅಂದರು. ವಿಡಿಯೊ ಹಾಕುವ ರೀತಿಯಲ್ಲೇ ಏನೋ ತಪ್ಪಿರಬೇಕು ಅನ್ನುವ ಆಸೆ ಇನ್ನೂ ಇತ್ತು.

ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ತಲೆ ಬಾಚಿ, ಶಾಲು ಹೊದಿಸಿದ್ದರು. ಟ್ಯಾಬಿನಲ್ಲಿ "ವೀಕ್ಷಕರ ಗಮನಕ್ಕೆ!" ಅಂತ ಮೊಳಗಿದ ಕೂಡಲೇ ಅವಳು ಪರದೆ ಕಡೆ ನೋಡಿದಳು, ತುಟಿ ತೆರೆದು ಸಿದ್ಧಳಾದಳು. ಅನೌನ್ಸರಿಗೆ ಸಂತೋಷವಾಯಿತು. ನೋಡಿ, ಎಲ್ಲಿ ಮುಖ ತಿರುಗಿಸುತ್ತಾಳೆ? ಪೀಠಿಕೆ ಮುಂದುವರಿಯಿತು. ಸಕಲ ಜೀವರಾಶಿ ಬಂತು, ಬಣ್ಣ ಬಂತು, ರುಚಿ ಬಂತು. ಅಕ್ಕನ ತುಟಿ ತೆರೆದೇ ಇತ್ತು. ಆಮೇಲೆ ಅದು ನಡುಗಿತು, ಆಮೇಲೆ ಸೋತು ಮುಚ್ಚಿಕೊಂಡಿತು. ಮಂಚದ ಪಕ್ಕ ನಿಂತಿದ್ದ ಅನೌನ್ಸರು ಜೀವನದಲ್ಲಿ ಮೊದಲ ಸಲ ತಮ್ಮದೇ ಮಾತು ಯಾವಾಗ ಮುಗಿಯುತ್ತದೋ ಅಂತ ಕಾದರು. ಅದು ಮುಗಿಯುತ್ತಲೇ ಇರಲಿಲ್ಲ.

ಕೊನೆಗೂ ಪರದೆಯ ಮೇಲೆ ಬಾಯಿ ಕಂಡಿತು. "ನೀರು," ಅಂದಿತು. ಅಕ್ಕ ಮತ್ತೆ ಬಲ ಕೂಡಿಸಿಕೊಂಡಳು. ಹಣೆಯಲ್ಲಿ ಗೆರೆಗಳು ಎದ್ದವು, ನಾಲಿಗೆ ಹಲ್ಲಿನ ಹಿಂದೆ ಹೋಗಿ ಒತ್ತಿತು, ಗಂಟಲಿನಿಂದ ಏನೋ ಒಂದು ಹೊರಟಿತು, "ನ್..."

"ಬಹಳ ಚೆನ್ನಾಗಿ ಹೇಳಿದಿರಿ!" ಅಂತ ಅಬ್ಬರಿಸಿದರು ಟ್ಯಾಬಿನೊಳಗಿನ ಅನೌನ್ಸರು.

ಅಕ್ಕ ಬೆಚ್ಚಿದಳು. ಹೊರಟಿದ್ದು ಅಲ್ಲೇ ನಿಂತಿತು. ಅವಳು ಎಡಗೈ ಚಾಚಿ ಟ್ಯಾಬನ್ನು ಮೆಲ್ಲಗೆ ಕವುಚಿ ಹಾಕಿದಳು. ಆಮೇಲೆ ತಮ್ಮನ ಮುಖ ನೋಡಿದಳು. ಸಿಟ್ಟಿರಲಿಲ್ಲ ಆ ಕಣ್ಣಲ್ಲಿ, ಸಿಟ್ಟಿದ್ದಿದ್ದರೆ ಅವರು ತಡೆದುಕೊಳ್ಳುತ್ತಿದ್ದರು. "ಅದು," ಅಂದಳು, ಇಷ್ಟೇ ಕಣೋ ನನ್ನ ಕಥೆ ಅನ್ನುವ ಹಾಗೆ.

ಅನೌನ್ಸರಿಗೆ ನಾಚಿಕೆಯಾಯಿತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು, ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡು, "ಥೂ ನಿನ್ನ! ಮಾತು ಹೋದವಳಿಗೂ ಮಾತಾಡೋಕೆ ಜಾಗ ಬಿಡಲಿಲ್ಲವಲ್ಲೋ ಗಿಲಕಿ," ಅಂತ ಬೈದುಕೊಂಡರು. ಚಿಕ್ಕಂದಿನಿಂದ ಅಕ್ಕ ಏನು ಹೇಳಹೊರಟರೂ ಅದನ್ನು ತಾವೇ ಮುಗಿಸುತ್ತಾ ಬಂದದ್ದು ನೆನಪಾಯಿತು. ಆಗೆಲ್ಲ ಅವಳಿಗೆ ಗದರಿಸುವ ಬಾಯಿ ಇತ್ತು. ಈಗ ಅದೂ ಇಲ್ಲ. ಇನ್ನು ಮುಂದೆಯೂ ಬರದೇ ಹೋದರೆ, ಅದರಲ್ಲಿ ತಮ್ಮ ಪಾಲೂ ಇರುತ್ತದೆ.

ಅಲ್ಲಿಂದ ನೇರ ಕೇಂದ್ರದ ಮೆಟ್ಟಿಲು ಹತ್ತಿದರು. ಥೆರಪಿಸ್ಟ್ ಮೇಡಂ ಕನ್ನಡಿ ಒರೆಸುತ್ತಿದ್ದರು. ಅನೌನ್ಸರು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿ, "ಈಗ ಮನೆ ಮಟ್ಟಿಗಾದರೂ ಕತ್ತರಿಸೋದಕ್ಕೆ ನಿಯಮದಲ್ಲಿ ಏನಾದ್ರೂ ದಾರಿ ಇದೆಯಾ?" ಅಂತ ಕೇಳಿದರು.

"ಮನೆಯೊಳಗೆ ಬದಲಾಯಿಸಿಕೊಳ್ಳೋಕೆ ಅಡ್ಡಿನೇ ಇಲ್ಲವಲ್ಲ ಸರ್," ಅಂದರು ಮೇಡಂ ಆಶ್ಚರ್ಯದಿಂದ. "ಬದಲಾಯಿಸಿದ್ದನ್ನ ಹೊರಗೆ ಹಂಚಬಾರದು, ಅಷ್ಟೆ. ನೀವೇ ಆರಿಸಿದ ಲೈಸೆನ್ಸಲ್ಲಿ ಇದೆ. ಪೂರ್ತಿ ಓದಿರ್ತೀರಿ ಅಂದ್ಕೊಂಡೆ."

ತಲೆ ಆಡತೊಡಗಿತು. ಅರ್ಧಕ್ಕೆ ನಿಂತಿತು. "ಇಲ್ಲ ಮೇಡಂ," ಅಂದರು ಅನೌನ್ಸರು. "ಓದಿಲ್ಲ. ಅವತ್ತು ಸಭೆಯಲ್ಲೂ ನನಗೆ ಏನೂ ಗೊತ್ತಿರಲಿಲ್ಲ." ಈ ಮಾತು ಬಾಯಿಂದ ಬಿದ್ದ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ. ಇಷ್ಟು ಸುಲಭ ಅಂತ ಗೊತ್ತಿದ್ದರೆ ಸ್ಟೇಷನ್ನಿನಲ್ಲೇ ಹೇಳಿಬಿಡುತ್ತಿದ್ದೆ ಅನಿಸಿತು.

ಅಕ್ಕನ ಮಗಳಿಗೆ ಫೋನ್ ಮಾಡಿದರು. "ಕತ್ತರಿಸು ಕಣಮ್ಮ. ನನ್ನನ್ನ ಬುಡಸಮೇತ ಕಿತ್ತುಹಾಕು. ತಪ್ಪು ನನ್ನದೇ."

"ಅನುಮತಿ ಬರವಣಿಗೆಯಲ್ಲಿ ಬೇಕು ಮಾಮ," ಅಂದಳು ಅವಳು. ಅಳುತ್ತಿದ್ದಳೋ ನಗುತ್ತಿದ್ದಳೋ ಫೋನಿನಲ್ಲಿ ತಿಳಿಯಲಿಲ್ಲ.

ಅನುಮತಿ ಕಳಿಸಲು ಕೇಂದ್ರದ ಕಂಪ್ಯೂಟರ್ ಮುಂದೆ ಕೂತವರು ಏಳಲಿಲ್ಲ. ತಾವು ಕೂಲಂಕಷವಾಗಿ ಪರಿಶೀಲಿಸಿದ್ದ ಕೋರಿಕೆಗಳನ್ನೆಲ್ಲ ಈಗ ನಿಜವಾಗಿ ಓದಿದರು. ಒಬ್ಬಳಿಗೆ ಗಂಡ 'ನೋವು' ಅನ್ನುವುದೊಂದನ್ನು ಹೇಳಿದರೆ ಸಾಕಾಗಿತ್ತು, ಎಲ್ಲಿ ನೋವು ಅಂತ ತಾನು ಕಂಡುಕೊಳ್ಳುತ್ತೇನೆ ಅಂತ ಬರೆದಿದ್ದಳು. ಎಲ್ಲೋ ಗಡಿಯಾಚೆಯ ಒಂದು ಕೇಂದ್ರದವರು ತಮ್ಮ ಭಾಷೆಗೆ ಬದಲಿಸಿಕೊಳ್ಳಲು ಎರಡೆರಡು ಸಲ ಕೇಳಿದ್ದರು, ಎರಡು ಸಲವೂ ಅದೇ ವಿಷಾದ ಹೋಗಿತ್ತು. ಪ್ರತಿಯೊಂದರ ಹಿಂದೆಯೂ ಯಾರದೋ ಅಕ್ಕ ತುಟಿ ತೆರೆದುಕೊಂಡು ಕಾಯುತ್ತಿದ್ದಳು. ಅನೌನ್ಸರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಆ ತಿಂಗಳ ಸಭೆಯಲ್ಲಿ ಎದ್ದು ನಿಂತು, "ಲೈಸೆನ್ಸ್ ಬದಲಾಯಿಸಬೇಕು. ಕತ್ತರಿಸಲಿ, ಅಂಟಿಸಲಿ, ಭಾಷೆ ಬದಲಿಸಲಿ, ಮಾರಲಿ. ಹೆಸರು ಹೇಳಬೇಕು ಅನ್ನೋದೊಂದು ಬಿಟ್ಟು ಬೇರೆ ಷರತ್ತೆಲ್ಲ ಕಿತ್ತುಹಾಕೋಣ," ಅಂದರು. ಅವರು ಇಷ್ಟು ಚುಟುಕಾಗಿ ಮಾತು ಮುಗಿಸಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಎಲ್ಲರೂ ಮುಂದಿನದಕ್ಕೆ ಕಾದರು. ಮುಂದಿನದು ಬರಲಿಲ್ಲ.

ವಕೀಲರು ಬಿಸ್ಕತ್ತು ಕೆಳಗಿಟ್ಟರು. "ಯೋಚನೆ ಮಾಡಿ ಸರ್. ಒಮ್ಮೆ ಬಿಟ್ಟುಕೊಟ್ರೆ ವಾಪಸ್ ತಗೊಳ್ಳೋ ಹಾಗಿಲ್ಲ. ನಾಳೆ ಯಾರೋ ನಿಮ್ಮ ದನಿ ತಗೊಂಡು ಕೋತಿ ಬಾಯಿಗೆ ಕೂರಿಸಿದ್ರೆ?"

"ಕೋತಿಯಾದ್ರೂ ಮಾತು ಕಲೀಲಿ ಬಿಡಿ," ಅಂದರು ಅನೌನ್ಸರು. ಆಮೇಲೆ ಮೇಡಂ ಕಡೆ ತಿರುಗಿ, "ಬಾಯಿ ನಿಮ್ಮದು ಮೇಡಂ. ನಿಮ್ಮ ಒಪ್ಪಿಗೆ ಇದೆಯಾ?"

"ಇದೇ ಮೊದಲ ಸಲ ಕೇಳ್ತಾ ಇದ್ದೀರಿ ಸರ್," ಅಂದರು ಮೇಡಂ. "ಇದೆ."

ಅಧ್ಯಕ್ಷರು ಉತ್ಸಾಹದಿಂದ, "ಹಾಗಾದ್ರೆ ಹೆಸರಿನ ಷರತ್ತೂ ಬೇಡ ಅನ್ನೋಣ್ವಾ? ಇನ್ನೂ ಸಲೀಸು," ಅಂದರು.

ಅನೌನ್ಸರು ಕಿಟಕಿ ನೋಡಿದರು, ನೆಲ ನೋಡಿದರು. "ಅದೊಂದು ಇರಲಿ," ಅಂದರು ಸಣ್ಣ ದನಿಯಲ್ಲಿ. ಮನುಷ್ಯ ಒಂದೇ ದಿನಕ್ಕೆ ಎಷ್ಟು ಅಂತ ಸುಧಾರಿಸಬೇಕು?

ಆ ಆಸೆಗೆ ತಕ್ಕ ಶಾಸ್ತಿ ಆಯಿತು. ಹೆಸರು ಹಾಕುವವರು ಮೂಲದಲ್ಲಿ ಏನು ಬದಲಾಯಿಸಿದ್ದೇವೆ ಅನ್ನುವುದನ್ನೂ ಹೇಳಬೇಕು ಅಂತ ಲೈಸೆನ್ಸಿನಲ್ಲಿ ಇತ್ತು. ಅದನ್ನೂ ಅವರು ಓದಿರಲಿಲ್ಲ. ಹೊಸ ವಿಡಿಯೊಗಳು ಒಂದೊಂದಾಗಿ ಬರತೊಡಗಿದವು. ಊರೂರಿನ ಕೇಂದ್ರಗಳು, ಗೊತ್ತಿಲ್ಲದ ಭಾಷೆಗಳು, ಯಾರದೋ ಮನೆಯ ಅಜ್ಜಂದಿರ ದನಿಗಳು. ಒಂದೊಂದರ ಕೆಳಗೂ ಅನೌನ್ಸರ ಪೂರ್ತಿ ಹೆಸರು, ಹೆಸರಿನ ಪಕ್ಕದಲ್ಲೇ ಒಂದು ಸಾಲು: "ಬದಲಾವಣೆ: ಪೀಠಿಕೆ ತೆಗೆಯಲಾಗಿದೆ." ಹೆಂಡತಿಗೆ ಹಬ್ಬವೋ ಹಬ್ಬ. ದಿನಾ ಹುಡುಕಿ ಹುಡುಕಿ ಗಟ್ಟಿಯಾಗಿ ಓದುತ್ತಿದ್ದಳು. "ಇಗೋ ರೀ, ಇಲ್ಲೊಂದು. 'ಅನಗತ್ಯ ಮಾತು ತೆಗೆಯಲಾಗಿದೆ' ಅಂತಿದೆ. ಇವರು ಸ್ವಲ್ಪ ನೇರ ಜನ. ಹೆಸರು ಇರಲೇಬೇಕು ಅಂದ್ರಲ್ಲ, ದಪ್ಪಕ್ಷರದಲ್ಲಿ ಇದೆ ನೋಡಿ." ಅನೌನ್ಸರು ತಾವೇ ಮೊದಲು ನಗಲು ಕಲಿತರು, ಯಾಕೆಂದರೆ ಅವಳಿಗಿಂತ ಮೊದಲು ನಕ್ಕರೆ ಉರಿ ಸ್ವಲ್ಪ ಕಡಿಮೆ.

ಅಕ್ಕನ ಮನೆಯಲ್ಲಿ ಭಾವನ ದನಿಯ ವಿಡಿಯೊಗಳು ತಯಾರಾದವು. ಭಾವ ಪ್ರತಿ ಪದಕ್ಕೂ ಮೊದಲು ಒಂದು ಸಲ ಕೆಮ್ಮುತ್ತಾರೆ, ಪದ ಹೇಳುತ್ತಾರೆ, ಆಮೇಲೆ ಏನೂ ಇಲ್ಲ. ಉದ್ದನೆಯ ಖಾಲಿ ಜಾಗ. ಅಕ್ಕ ಮೊದಮೊದಲು ಬರೀ ಕೇಳಿಸಿಕೊಂಡಳಂತೆ. ಆಮೇಲೆ ಒಂದು ದಿನ ಅವಳೂ ಕೆಮ್ಮಿದಳಂತೆ. ಕೆಮ್ಮು ಪಾಠದಲ್ಲಿಲ್ಲ ಅಂತ ಯಾರೂ ಹೇಳಲಿಲ್ಲ. ಕೆಮ್ಮಿದ ಮೇಲೆ "ನೀ" ಅನ್ನುವಷ್ಟು ಬಂತು. ಕೆಲವು ವಾರಗಳಾದ ಮೇಲೆ ಅಕ್ಕನ ಮಗಳು ಫೋನ್ ಮಾಡಿ, "ಬನ್ನಿ ಮಾಮ. ಆದ್ರೆ ಒಂದು ಷರತ್ತು. ಬಾಯಿ ಬಿಡೋ ಹಾಗಿಲ್ಲ," ಅಂದಳು.

ಅನೌನ್ಸರು ಹೋಗಿ ಮಂಚದ ಎದುರು ಕುರ್ಚಿಯಲ್ಲಿ ಕೂತರು. ಮಧ್ಯಾಹ್ನದ ಬಿಸಿಲು ಶಾಲಿನ ಮೇಲೆ ಬಿದ್ದಿತ್ತು. ಭಾವ ಮೂಲೆಯಲ್ಲಿ, ಅಕ್ಕನ ಮಗಳು ಬಾಗಿಲಲ್ಲಿ. ಅಕ್ಕ ತಮ್ಮನನ್ನು ಬಹಳ ಹೊತ್ತು ನೋಡಿದಳು. ಇವನು ಯಾಕೆ ಸುಮ್ಮನಿದ್ದಾನೆ, ಮೈ ಹುಷಾರಿಲ್ಲವಾ ಅನ್ನುವ ಹಾಗಿತ್ತು ಆ ನೋಟ. ಕೆಮ್ಮಿದಳು. ತುಟಿ ಹಿಗ್ಗಿಸಿದಳು.

"ಗಿ..."

ಕೇಂದ್ರದ ಯಾವ ವಿಡಿಯೊದಲ್ಲೂ ಆ ಅಕ್ಷರದಿಂದ ಶುರುವಾಗುವ ಪದ ಇರಲಿಲ್ಲ. ಅನೌನ್ಸರಿಗೆ ಅದು ಯಾವುದು ಅಂತ ಗೊತ್ತಾಗಿಹೋಯಿತು. ಮೈಯ ಕಣಕಣವೂ ಅದನ್ನು ಮುಗಿಸಿಕೊಡು, ಮುಗಿಸಿಕೊಡು ಅಂತ ಕುದಿಯಿತು. ಎರಡೂ ಕೈ ತಂದು ತಮ್ಮ ಬಾಯನ್ನು ಅದುಮಿ ಹಿಡಿದುಕೊಂಡರು. ಹೊರಗೆ ಬೀದಿಯಲ್ಲಿ ಒಂದು ಬಸ್ಸು ನಿಂತು, ಜನ ಇಳಿದು, ಮತ್ತೆ ಹೊರಟಿತು. ಅಕ್ಕನ ದವಡೆ ಅತ್ತ ಹೋಯಿತು, ಇತ್ತ ಬಂತು, ದಾರಿ ಹುಡುಕಿತು.

"ಗಿ... ಲ... ಕಿ."

ಕೈ ಜಾರಿತು, ಕಟ್ಟೆ ಒಡೆಯಿತು. "ಅಕ್ಕಾ! ಅಂದೆಯಲ್ಲೇ! ಕೇಳಿದ್ರಾ ಭಾವ, ಕೇಳಿದ್ಯಾ ಕಣೇ, ಅಕ್ಕ ಅಂದ್ಲು, ನನ್ನನ್ನೇ ಅಂದ್ಲು, ನಾನು ಮೊದಲೇ ಹೇಳಿರಲಿಲ್ವಾ, ಅಕ್ಕನ ಛಲ ಅಂದ್ರೆ ಸಾಮಾನ್ಯದ್ದಲ್ಲ, ಆ ಕಾಲದಲ್ಲೇ..." ಕಣ್ಣೀರು ಮೂಗು ಎಲ್ಲ ಸುರಿಯುತ್ತಿತ್ತು, ಮಾತು ಅದಕ್ಕಿಂತ ಜೋರಾಗಿ ಸುರಿಯುತ್ತಿತ್ತು.

ಅಕ್ಕ ಎಡಗೈ ಎತ್ತಿದಳು. ಒಂದು ಸಲ ಕೆಮ್ಮಿದಳು.

"ಸಾಕು," ಅಂದಳು.

ಅನೌನ್ಸರು ಸುಮ್ಮನಾದರು. ಅಕ್ಕನ ತುಟಿ ಇನ್ನೂ ಅಲುಗುತ್ತಿತ್ತು, ಹೇಳುವುದು ಇನ್ನೂ ಇತ್ತು ಅವಳಿಗೆ. ಅವರು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕಾದರು.